ಕವಿ ನಡೆದಷ್ಟು ಉದ್ದದ ಕಪ್ಪು ಫಿಲ್ಮು

ನಮ್ಮ ಮೇಲಿನ ಮನೆಯ ಹುಡುಗಿ ಸಿನಿಮಾ ಎಡಿಟಿಂಗ್ ಕಲಿಯಲು ಸೇರಿದ್ದಾಳೆ. ಮೊನ್ನೆ ತನ್ನ ಕಂಪ್ಯೂಟರನ್ನು ನನ್ನ ಮುಂದಿಟ್ಟು ಒಂದು ದೃಶ್ಯ ಕತ್ತರಿಸಿ ತೋರಿಸಿದಳು. ಸರಿ ಬರಲಿಲ್ಲವೆಂದು ಗುಂಡಿಯೊಂದನ್ನು ಒತ್ತಿದಳು, ಕತ್ತರಿಸಿದ್ದು ಮತ್ತೆ ಕೂಡಿಕೊಂಡಿತು. ಅವಳಿಗೆ ಅದರಲ್ಲಿ ವಿಶೇಷವೇನೂ ಇರಲಿಲ್ಲ. ನಾನು ಮಾತ್ರ ಇನ್ನೊಂದು ಸಲ ಒತ್ತಿ ತೋರಿಸು ಎಂದೆ. ನಾನು ಆಯುಷ್ಯವಿಡೀ ಮಾಡಿದ ಕೆಲಸದಲ್ಲಿ ಆ ಗುಂಡಿ ಇರಲಿಲ್ಲ.

ನಿಮ್ಮ ಕಾಲದ ಕೆಲಸದ ಬಗ್ಗೆ ಬರೆದುಕೊಡಿ, ನಮ್ಮ ಕ್ಲಾಸಿನವರು ಓದುತ್ತೇವೆ ಎಂದು ಅವಳು ಗಂಟುಬಿದ್ದಿದ್ದಾಳೆ. ಬರೆಯುತ್ತೇನೆ. ಆದರೆ ಉತ್ಸಾಹ ತುಂಬುವ ಮಾತು ಬೇಕಿದ್ದವರು ಬೇರೆ ಯಾರ ಬಳಿಯಾದರೂ ಹೋಗುವುದು ಒಳ್ಳೆಯದು. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನೂ ಬರೆಯುವುದಿಲ್ಲ. ಆ ಶಾಲು ಈಗ ಮಿಕ್ಸಿಯ ಮೇಲೆ ಹೊದಿಕೆಯಾಗಿದೆ.

ನಾನು ಹುಮನಾಬಾದಿನ ಕಡೆಯವಳು. ಮದುವೆಯಾಗಿ ಹೈದರಾಬಾದಿಗೆ ಬಂದೆ. ನಮ್ಮವರು ಜೀಡಿಮೆಟ್ಲಾದ ಕೆಮಿಕಲ್ ಫ್ಯಾಕ್ಟರಿಯಲ್ಲಿದ್ದರು. ಹಳೆಯ ಎಕ್ಸ್‌ರೇ, ಹಳೆಯ ಸಿನಿಮಾ ಫಿಲ್ಮು, ಇಂಥವನ್ನೆಲ್ಲ ರಾಸಾಯನಿಕದಲ್ಲಿ ತೊಳೆದು ಅದರಲ್ಲಿರುವ ಬೆಳ್ಳಿಯನ್ನು ತೆಗೆಯುವ ಕೆಲಸ. ನಾನು ಸೇರಿದ್ದು ಬೇಗಂಪೇಟೆ ಕಡೆಯ ಒಂದು ಫಿಲ್ಮ್ ಲ್ಯಾಬಿನಲ್ಲಿ, ನೆಗೆಟಿವ್ ಕಟಿಂಗ್ ವಿಭಾಗಕ್ಕೆ. ನಾನು ಜೋಡಿಸುತ್ತಿದ್ದೆ, ಅವರು ಕರಗಿಸುತ್ತಿದ್ದರು. ‘ನೀ ಎಷ್ಟರ ನಾಜೂಕಾಗಿ ಜೋಡಸು, ಕಡೀಗೆ ನನ್ನ ತೊಟ್ಟಿಗೇ ಬರ್ತದ’ ಎಂದು ಊಟಕ್ಕೆ ಕೂತಾಗ ಚುಡಾಯಿಸುತ್ತಿದ್ದರು. ನಗುತ್ತಿದ್ದೆ. ಆಗ ಅದು ನಗುವ ಮಾತೇ ಆಗಿತ್ತು.

ಈಗಿನವರಿಗೆ ನಮ್ಮ ಕೆಲಸ ಏನೆಂದು ಮೊದಲು ಹೇಳಬೇಕು. ಕ್ಯಾಮೆರಾದಿಂದ ಬರುವುದು ನೆಗೆಟಿವ್. ಅದು ಒಂದೇ, ಅದೇ ಅಸಲು. ಅದರಿಂದ ಒರಟಾದ ಒಂದು ಪ್ರಿಂಟ್ ತೆಗೆದು ಎಡಿಟರಿಗೆ ಕೊಡುತ್ತಿದ್ದರು. ಅದಕ್ಕೆ ರಶ್ ಪ್ರಿಂಟ್ ಎನ್ನುತ್ತಿದ್ದೆವು. ಎಡಿಟರು ಅದನ್ನು ಕತ್ತರಿಸಲಿ, ಅಂಟಿಸಲಿ, ಕೊರಳಿಗೆ ಹಾಕಿಕೊಂಡು ತಿರುಗಲಿ, ಯಾರಿಗೂ ಚಿಂತೆಯಿಲ್ಲ. ಎಲ್ಲ ತೀರ್ಮಾನವಾದ ಮೇಲೆ ಅದಕ್ಕೆ ಸರಿಯಾಗಿ ಅಸಲು ನೆಗೆಟಿವನ್ನು ಕತ್ತರಿಸಿ ಜೋಡಿಸುವುದು ನಮ್ಮ ಪಾಲಿನ ಕೆಲಸ. ಫಿಲ್ಮಿನ ಅಂಚಿನಲ್ಲಿ ಇರುವೆ ಸಾಲಿನಂಥ ಅಂಕಿಗಳಿರುತ್ತವೆ. ಅವನ್ನು ಭೂತಗನ್ನಡಿಯಲ್ಲಿ ಓದಿ, ಎರಡನ್ನೂ ಹೊಂದಿಸಿ, ಉಸಿರು ಬಿಗಿಹಿಡಿದು ಕತ್ತರಿ ಹಾಕಬೇಕು. ಪ್ರತಿ ಜೋಡಣೆಗೂ ತುಂಡಿನ ತುದಿಯ ಒಂದು ಚಿತ್ರವನ್ನು, ಅಂದರೆ ಒಂದು ಫ್ರೇಮನ್ನು, ಕೆರೆದು ಅಂಟು ಹಚ್ಚಬೇಕಾದ್ದರಿಂದ ಅದು ಹಾಳಾಗುತ್ತದೆ. ಒಮ್ಮೆ ಕತ್ತರಿಸಿದ್ದು ಮತ್ತೆ ಮೊದಲಿನ ಹಾಗೆ ಕೂಡುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ನೆಗೆಟಿವ್ ಕತ್ತರಿಸಿದರೆ ಹೋಯಿತು ಎಂದು ನಾವು ಅದಕ್ಕೆ ಸೇರಿಸಿಕೊಂಡಿದ್ದೆವು.

ಆ ಕೋಣೆಗೆ ಧೂಳು ಬರಕೂಡದು. ಹಾಗಾಗಿ ಒಳಗೆ ಹೋಗುವ ಹೆಂಗಸರು ಬಳೆ ತೆಗೆಯಬೇಕು, ಹೂವು ತೆಗೆಯಬೇಕು, ಕುಂಕುಮ ಒರೆಸಿಕೊಳ್ಳಬೇಕು. ಪೌಡರಿನ ಮಾತೇ ಇಲ್ಲ. ತಾಳಿಯನ್ನು ರವಿಕೆಯೊಳಗೆ ಸೇರಿಸಿಕೊಳ್ಳಬೇಕು. ಬಾಗಿಲ ಬಳಿ ಒಂದು ತಗಡಿನ ಡಬ್ಬಿ ಇತ್ತು, ಎಲ್ಲರ ಬಳೆಯೂ ಅದರಲ್ಲಿ. ಮುತ್ತೈದೆ ಬರಿಗೈಯಲ್ಲಿ ದುಡಿಯುವಂಥ ನೌಕರಿ ನಮಗೆ ಬೇಡವೆಂದು ನಮ್ಮ ಅತ್ತೆ ಮೂರು ಹೊತ್ತು ಊಟ ಬಿಟ್ಟು ಕೂತಿದ್ದರು. ಲ್ಯಾಬಿನ ಬಾಗಿಲಲ್ಲಿ ಮಾತ್ರ ತೆಗೆಯುತ್ತೇನೆ, ಹೊಸ್ತಿಲು ದಾಟಿದ ಕೂಡಲೇ ತೊಡುತ್ತೇನೆ ಎಂದು ಆಣೆ ಇಟ್ಟ ಮೇಲೆ ಒಪ್ಪಿದರು. ಪ್ರಿಂಟಿಂಗ್ ವಿಭಾಗದ ಗಂಡಸರು ನಮ್ಮ ಕೋಣೆಗೆ ‘ಬೇವಾ ಕಮರಾ’ ಎಂದು ಹೆಸರಿಟ್ಟಿದ್ದರು, ವಿಧವೆಯರ ಕೋಣೆ ಎಂದು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ನಾವೇ ಹಾಗೆ ಕರೆದುಕೊಳ್ಳತೊಡಗಿದೆವು.

ಆಗ ವಿಮಾನ ನಿಲ್ದಾಣ ನಮ್ಮ ಪಕ್ಕದಲ್ಲೇ ಇತ್ತು, ವಿಮಾನಗಳು ನಮ್ಮ ತಲೆಯ ಮೇಲೇ ಇಳಿಯುತ್ತಿದ್ದವು. ವಿಮಾನ ಬಂದಾಗ, ಫಿಲ್ಮಿಗೆ ಕೆಳಗಿನಿಂದ ಬೆಳಕು ಕೊಡುವ ನಮ್ಮ ದೀಪದ ಮೇಜು ಸಣ್ಣಗೆ ನಡುಗುತ್ತಿತ್ತು. ಸದ್ದು ಕೇಳಿದೊಡನೆ ಎಲ್ಲರೂ ಕತ್ತರಿ ಕೆಳಗಿಟ್ಟು ಕೈ ಎತ್ತಿ ಕೂರುತ್ತಿದ್ದೆವು. ಹೊಸದಾಗಿ ಬಂದವರು ಇವರೆಲ್ಲ ಶರಣಾಗಿದ್ದಾರೇನೋ ಅಂದುಕೊಳ್ಳುತ್ತಿದ್ದರು.

ನಮ್ಮ ಮೇಲಿನವರು ಮೂರ್ತಿಗಾರು. ಗುಂಟೂರಿನವರು, ತೆಳ್ಳಗಿನ ಮನುಷ್ಯ. ಅವರು ಏರಿದ ದನಿಯಲ್ಲಿ ಮಾತಾಡಿದ್ದನ್ನು ನಾನು ಒಂದೇ ಸಲ ಕೇಳಿದ್ದೇನೆ. ದೊಡ್ಡ ಹೀರೋ ಒಬ್ಬರ ಚಿತ್ರದ ಮೊದಲ ಕತ್ತರಿಗೆ ಮುಹೂರ್ತ ಇಡಿಸಿಕೊಂಡು ನಿರ್ಮಾಪಕರು ಬಂದಿದ್ದರು. ಕೋಣೆಯೊಳಗೇ ತೆಂಗಿನಕಾಯಿ ಒಡೆಯುತ್ತೇನೆಂದು ಹಟ ಹಿಡಿದರು. ಮೂರ್ತಿಗಾರು ಬಾಗಿಲಿಗೆ ಅಡ್ಡ ನಿಂತು, ಮೊದಲು ನನ್ನ ತಲೆಯ ಮೇಲೆ ಒಡೆಯಿರಿ, ಆಮೇಲೆ ಒಳಗೆ ಹೋಗಿ ಎಂದರು. ಕಾಯಿ ಹೊರಗೇ ಒಡೆಯಿತು. ಚಿತ್ರ ಓಡಲಿಲ್ಲ. ಕಾಯಿ ಹೊರಗೆ ಒಡೆದದ್ದೇ ಕಾರಣವೆಂದು ಆ ನಿರ್ಮಾಪಕರು ಕೊನೆಯವರೆಗೂ ಹೇಳಿಕೊಂಡು ತಿರುಗಿದರು.

ಇನ್ನೊಂದು ಸಲ ನಮ್ಮ ಸುಶೀಲ ಒಂದು ತುಂಡನ್ನು ಮಗ್ಗುಲು ಬದಲಿಸಿ ಅಂಟಿಸಿಬಿಟ್ಟಳು. ಆಗ ಪರದೆಯ ಮೇಲೆ ಎಡ ಹೋಗಿ ಬಲವಾಗುತ್ತದೆ. ಹಾಡಿನ ನಡುವೆ ಹೀರೋನ ಬೈತಲೆ ಎಡದಿಂದ ಬಲಕ್ಕೆ ಹಾರಿತು. ಪ್ರಿಂಟುಗಳು ಆಗಲೇ ಊರೂರಿಗೆ ಹೋಗಿದ್ದವು. ಸುಶೀಲ ಕೆಲಸ ಹೋಯಿತೆಂದು ಅತ್ತಳು. ಆ ಕಡೆ ಅಭಿಮಾನಿಗಳು ಇದೇನೋ ಹೊಸ ಸ್ಟೈಲು ಎಂದುಕೊಂಡು ಬಲಕ್ಕೆ ಬೈತಲೆ ತೆಗೆದು ಓಡಾಡಿದರು. ನಮ್ಮ ತಪ್ಪುಗಳೆಲ್ಲ ಇಷ್ಟೇ ಸುಲಭವಾಗಿ ಮಾಫ್ ಆಗಿದ್ದರೆ ಈ ಬರಹ ಇಲ್ಲಿಗೇ ಮುಗಿಯಬಹುದಿತ್ತು.

ಮೂರ್ತಿಗಾರು ನಮಗೆ ಕಲಿಸಿದ ದೊಡ್ಡ ಪಾಠ ಕತ್ತರಿ ಹಿಡಿಯುವುದಲ್ಲ. ‘ಚೂಡಮ್ಮಾ, ನೋಡಮ್ಮಾ, ಕಂಡದ್ದನ್ನು ಹೇಳಿಬಿಡು’ ಎನ್ನುತ್ತಿದ್ದರು. ನಿರ್ದೇಶಕರು, ಎಡಿಟರು, ಕ್ಯಾಮೆರಾದವರು, ಇಷ್ಟು ಜನರ ಕಣ್ಣು ತಪ್ಪಿಸಿಕೊಂಡು ಬಂದ ದೋಷ ಕೊನೆಗೆ ನಮ್ಮ ಭೂತಗನ್ನಡಿಗೆ ಸಿಗುತ್ತದೆ. ಕಂಡೂ ಸುಮ್ಮನಿದ್ದರೆ ಅದು ಕೈತಪ್ಪಿ ಕತ್ತರಿಸಿದ್ದಕ್ಕಿಂತ ದೊಡ್ಡ ಪಾಪ ಎಂಬುದು ಅವರ ನಂಬಿಕೆ. ನಾನು ಆ ಪಾಠವನ್ನು ಚೆನ್ನಾಗಿ ಕಲಿತೆ.

ಊರಿನ ಪಡುವಣಕ್ಕೆ ಗಾಜಿನ ಕಟ್ಟಡಗಳು ಎದ್ದು ನಿಲ್ಲುತ್ತಿದ್ದ ಕಾಲ ಅದು. ಕೂಕಟ್‌ಪಲ್ಲಿಯ ನಮ್ಮ ಬೀದಿಯಲ್ಲೇ ಪ್ರತಿ ಎರಡನೇ ಅಂಗಡಿ ಕಂಪ್ಯೂಟರ್ ಕ್ಲಾಸಾಯಿತು. ಲ್ಯಾಬಿನಲ್ಲೂ ಕಂಪ್ಯೂಟರಿನಲ್ಲಿ ಎಡಿಟ್ ಮಾಡುವವರು ಬಂದರು. ಇನ್ನು ನಿಮ್ಮ ಕತ್ತರಿಯನ್ನು ದರ್ಜಿಗೆ ಕೊಡಿ ಎಂದು ತಮಾಷೆ ಮಾಡುತ್ತಿದ್ದರು. ಆಗಲೇ ನೀಲಕಂಠ ಮಾಸ್ತರರು ನಮ್ಮಲ್ಲಿಗೆ ಬಂದದ್ದು.

ಮಾಸ್ತರರು ಭಾಲ್ಕಿಯವರು, ಹೈದರಾಬಾದಿನ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಒಂದು ಚಿತ್ರ ಮಾಡಬೇಕೆಂಬ ಹುಚ್ಚು ಅವರ ತಲೆಗೇರಿತ್ತು. ಕತೆ ಮಾಂಜ್ರಾಸುತ ಎಂಬ ಕಾವ್ಯನಾಮದ ಕವಿಯದು. ನೀವು ಕೇಳಿರುವುದಿಲ್ಲ, ಯಾರೂ ಕೇಳಿರಲಿಲ್ಲ. ನಿಜಾಮನ ಕಾಲದಲ್ಲಿ ಮಾಂಜ್ರಾ ನದಿಯ ದಂಡೆಯ ಹಳ್ಳಿಯಲ್ಲಿ ಹುಟ್ಟಿ, ಉರ್ದು ಶಾಲೆಯಲ್ಲಿ ಓದಿ, ಕನ್ನಡ ಅಕ್ಷರ ಕಲಿಸುವವರಿಲ್ಲದೆ ಉರ್ದು ಅಕ್ಷರದಲ್ಲೇ ಕನ್ನಡ ಕವಿತೆ ಬರೆದವನು. ಬೆಳದಿಂಗಳು, ಹೊಳೆ, ಹೊಳೆಗೆ ನೀರಿಗೆ ಬರುತ್ತಿದ್ದ ಒಬ್ಬ ಹುಡುಗಿ, ಇಷ್ಟೇ ಅವನ ಲೋಕ. ಕ್ಷಯದಿಂದ ಚಿಕ್ಕ ವಯಸ್ಸಿಗೇ ಹೋಗಿಬಿಟ್ಟ. ಪುಸ್ತಕ ಅಚ್ಚಾಗಲಿಲ್ಲ, ಕಾಗದಗಳು ರಜಾಕಾರರ ಗದ್ದಲದಲ್ಲಿ ಹೋದವು. ಒಂದು ಫೋಟೋ ಸಹ ಇಲ್ಲ. ಉಳಿದದ್ದು ತಂಗಿ ಅಂಬಕ್ಕನ ಬಾಯಲ್ಲಿದ್ದ ಕೆಲವು ಕವಿತೆಗಳು ಮಾತ್ರ.

ಅಂಬಕ್ಕ ಆಗ ಕಾಚಿಗುಡಾದಲ್ಲಿ ಅಕ್ಕನ ಮೊಮ್ಮಗನ ಮನೆಯಲ್ಲಿದ್ದರು. ಬಹಳ ವಯಸ್ಸಾಗಿತ್ತು. ಕಣ್ಣಿನ ನರ ಒಣಗುತ್ತಿದೆ, ಇನ್ನು ದಿನ ದಿನಕ್ಕೆ ಕತ್ತಲೆಯೇ ಎಂದು ಡಾಕ್ಟರು ಕೈಚೆಲ್ಲಿದ್ದರು. ಹತ್ತಿರದ್ದು ಅಷ್ಟಿಷ್ಟು ಕಾಣುತ್ತಿತ್ತು, ದೂರದ್ದು ಮಸುಕು. ಅವರಿಗೆ ಇದ್ದದ್ದು ಒಂದೇ ಆಸೆ. ಕಣ್ಣು ಪೂರ್ತಿ ಹೋಗುವ ಮೊದಲು ಅಣ್ಣನನ್ನು ಪರದೆಯ ಮೇಲೆ ನೋಡಬೇಕು. ದೊಡ್ಡ ಪರದೆ, ಮುಂದಿನ ಸಾಲಿನಲ್ಲಿ ಕೂತರೆ ಕಂಡೀತು ಎಂದು ಅವರೇ ಲೆಕ್ಕ ಹಾಕಿದ್ದರು.

ಚಿತ್ರೀಕರಣಕ್ಕೆ ಮಾಸ್ತರರು ನನ್ನನ್ನೂ ಕರೆದಿದ್ದರು, ನಮ್ಮ ಕಡೆಯವರೆಂಬ ಅಭಿಮಾನ. ಊರಾಚೆ ಬಂಡೆಗಳ ನಡುವೆ ಒಂದು ಕೆರೆ ಇತ್ತು. ಚಿತ್ರಕ್ಕೆ ಅದೇ ಮಾಂಜ್ರಾ ನದಿ. ಗುಂಪಿನ ದೃಶ್ಯಕ್ಕೆ ಜನ ಬೇಕಿತ್ತು. ಗಾಜಿನ ಕಟ್ಟಡಗಳ ಕೆಲಸಕ್ಕೆಂದು ಯಾದಗಿರಿ, ಸುರಪುರ ಕಡೆಯಿಂದ ಬಂದಿದ್ದ ಕೂಲಿಯವರನ್ನು ರಜೆಯ ದಿನ ಕರೆಸಿದ್ದರು. ನಿಜಾಮನ ಕಾಲದ ಕೂಲಿಯವರಾಗಿ ನಟಿಸಲು ಅವರಿಗೆ ವೇಷ ಹಾಕಬೇಕಾಗಿರಲಿಲ್ಲ, ಕೈಗಡಿಯಾರ ಬಿಚ್ಚಿಸಿದರೆ ಸಾಕಿತ್ತು. ಇಷ್ಟು ವರ್ಷ ಕಳೆದರೂ ಬಟ್ಟೆ ಕೂಡ ಬದಲಾಗದ ಜನ. ಮಾಸ್ತರರಿಗೆ ಅದು ಅನುಕೂಲವೆನಿಸಿತು. ನನಗೆ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಕವಿಯ ಪಾತ್ರಕ್ಕೆ ನಾಟಕ ಕಂಪನಿಯ ಒಬ್ಬ ಚೆಲುವನನ್ನು ತಂದಿದ್ದರು. ಮುಖ ಚೆನ್ನಾಗಿತ್ತು. ನಡೆದರೆ ಮಾತ್ರ ರಂಗದ ಮೇಲೆ ಅರ್ಜುನ ಬಂದ ಹಾಗೆ. ಅಂಬಕ್ಕ ಕೊಡೆಯ ಕೆಳಗೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಅಷ್ಟರಲ್ಲಿ ಚಹಾ ತೆಗೆದುಕೊಳ್ಳಲು ಕೂಲಿಯವರು ಅವರ ಮುಂದೆಯೇ ಸಾಲಾಗಿ ಹೋದರು. ಅಂಬಕ್ಕ ಒಬ್ಬನ ಅಂಗಿಯ ತುದಿ ಹಿಡಿದು ನಿಲ್ಲಿಸಿದರು. ಗಾರೆ ಕೆಲಸದ ದೇವಪ್ಪ ಎಂಬವನು, ಸುರಪುರದ ಹತ್ತಿರದವನು. ಎಡಗಾಲನ್ನು ಚೂರು ಎಳೆದು ಹಾಕುತ್ತಿದ್ದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಯಾರದೋ ಮಾತು ಕೇಳಿಸಿಕೊಳ್ಳುವವನಂತೆ ಕುತ್ತಿಗೆ ವಾಲಿಸಿಕೊಂಡು ನಡೆಯುತ್ತಿದ್ದ.

‘ಮಾಸ್ತರ್ರ, ಇವನ್ನ ಇನ್ನೊಂದು ಸಲ ನಡಸ್ರಿ’ ಎಂದರು ಅಂಬಕ್ಕ. ದೇವಪ್ಪ ನಾಚಿಕೊಳ್ಳುತ್ತಲೇ ನಡೆದ. ‘ನಮ್ಮಣ್ಣ ಹಿಂಗ ನಡೀತಿದ್ದ. ಮಾರಿ ನನಗ ಮರತು ಹೋಗೇತಿ. ನಡಿಗಿ ಮರತಿಲ್ಲ.’

ಅಂದೇ ಮಾಸ್ತರರು ತೀರ್ಮಾನಿಸಿಬಿಟ್ಟರು. ಮುಖಕ್ಕೆ ನಾಟಕದವನು, ನಡಿಗೆಗೆ ದೇವಪ್ಪ. ಚಿತ್ರದ ಕೊನೆಯಲ್ಲಿ ಕಾಯಿಲೆಯ ಕವಿ ಸಂಜೆಯ ಹೊತ್ತು ದಂಡೆಗುಂಟ ನಡೆದು ದೂರ ಹೋಗಿಬಿಡುತ್ತಾನೆ. ಹಿಂದಿನಿಂದ ತೆಗೆದ ಉದ್ದನೆಯ ಒಂದೇ ಶಾಟ್. ಅದರ ಮೇಲೆ ಕೊನೆಯ ಕವಿತೆಯನ್ನು ಅಂಬಕ್ಕನ ದನಿಯಲ್ಲೇ ಹಾಕುವುದು. ದೇವಪ್ಪ ಎರಡು ಸಲ ನಡೆದ. ಕಲ್ಲುಮಣ್ಣಿನ ಮೇಲೆ ಅವನ ಹೆಜ್ಜೆಯ ಸದ್ದನ್ನೂ ಅಲ್ಲೇ ಹಿಡಿದುಕೊಂಡರು. ಅಂಬಕ್ಕನ ಕಣ್ಣಿಗೆ ಅಷ್ಟು ದೂರ ಕಾಣಲಿಲ್ಲ. ಈಗ ಇರಲಿ, ಪರದೆ ಮೇಲೆ ನೋಡುತ್ತೇನೆ ಎಂದರು.

ಮಾಸ್ತರರದು ಕಪ್ಪುಬಿಳುಪಿನಲ್ಲೇ ಆಗಬೇಕೆಂಬ ಹಟ. ಅವರಿಗಾಗಿ ಮೂರ್ತಿಗಾರು ಮೂಲೆ ಸೇರಿದ್ದ ಹಳೆಯ ಸಂಸ್ಕರಣೆಯ ತೊಟ್ಟಿಗಳನ್ನು ತೊಳೆಸಿ ಮತ್ತೆ ಶುರುಮಾಡಿದರು. ಎಷ್ಟೋ ವರ್ಷಗಳ ಮೇಲೆ ಕಪ್ಪುಬಿಳುಪಿನ ನೆಗೆಟಿವ್ ನಮ್ಮ ಮೇಜಿಗೆ ಬಂತು. ಮುಟ್ಟಿದರೆ ಕೈಗೇ ಸಂತೋಷವಾಗುವಂಥ ಕೆಲಸ. ನನ್ನ ನೌಕರಿಯಲ್ಲಿ ಸುಖವೆಂದು ಹೇಳಬಹುದಾದದ್ದು ಆ ಕೆಲವು ವಾರಗಳೇ.

ಕೊನೆಯ ರೀಲಿಗೆ ಬಂದೆ. ದೇವಪ್ಪ ನಡೆಯುವ ಶಾಟನ್ನು ದೀಪದ ಮೇಜಿನ ಮೇಲೆ ಹಾಸಿ ಭೂತಗನ್ನಡಿ ಇಟ್ಟೆ. ನೆಗೆಟಿವಿನಲ್ಲಿ ಎಲ್ಲ ತಿರುಗುಮುರುಗು, ಸಂಜೆಯ ಆಕಾಶ ಕಪ್ಪಗಿರುತ್ತದೆ. ಆ ಕಪ್ಪಿನೊಳಗೆ, ಬಂಡೆಗಳ ಹಿಂದೆ, ಬಿಳಿಯ ಒಂದು ಸಣ್ಣ ಗೆರೆ ಕಂಡಿತು. ಕೂದಲು ಬಿದ್ದಿದೆ ಎಂದುಕೊಂಡು ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ. ಪಕ್ಕದ ಚಿತ್ರದಲ್ಲೂ ಇತ್ತು, ಅದರ ಪಕ್ಕದ್ದರಲ್ಲೂ ಇತ್ತು. ಗೆರೆಗೆ ಅಡ್ಡವಾಗಿ ಇನ್ನೊಂದು ಗೆರೆ. ಅದು ಕ್ರೇನು. ಬಂಡೆಗಳಾಚೆ ಏಳುತ್ತಿದ್ದ ಯಾವುದೋ ಕಟ್ಟಡದ ಕ್ರೇನು, ಕವಿಯ ತಲೆಯ ಮೇಲೆ ಸರಿಯಾಗಿ ತೋಳು ಚಾಚಿಕೊಂಡು ನಿಂತಿತ್ತು. ಲ್ಯಾಬಿನ ಸಣ್ಣ ಪರದೆಯ ಮಂಕು ಬೆಳಕಿನಲ್ಲಿ ರಶ್ ಪ್ರಿಂಟ್ ನೋಡಿದವರಿಗೆ ಯಾರಿಗೂ ಅದು ಕಂಡಿರಲಿಲ್ಲ.

ಹೇಳಿದೆ. ಕಂಡದ್ದನ್ನು ಹೇಳಿಬಿಡು ಎಂದು ಕಲಿತವಳಲ್ಲವೇ. ನಾನು ತಪ್ಪು ಮಾಡಿದೆ ಎಂದು ಇಲ್ಲಿ ಬರೆಯುತ್ತಿಲ್ಲ. ನಾಳೆ ಕಂಡರೂ ಹೇಳುತ್ತೇನೆ. ನನ್ನ ಸಂಕಟವೇ ಅದು. ಕೆಲಸವನ್ನು ಸರಿಯಾಗಿ ಮಾಡಿದರೆ ಒಳ್ಳೆಯದಾಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿದ್ದರೆ ಅವರನ್ನು ನನ್ನ ಬಳಿ ಕಳಿಸಿ.

ಮಾಸ್ತರರು ಭೂತಗನ್ನಡಿಯಲ್ಲಿ ನೋಡಿ, ಇನ್ನೊಂದು ಟೇಕನ್ನು ಹಾಸಲು ಹೇಳಿದರು. ಅದರಲ್ಲೂ ಅದೇ ಕ್ರೇನು. ಮತ್ತೆ ಹೋಗಿ ತೆಗೆಯೋಣವೆಂದರೆ ಆ ಕೆರೆಯ ಸುತ್ತ ಅಷ್ಟರಲ್ಲಿ ತಗಡಿನ ಬೇಲಿ ಬಿದ್ದಿತ್ತು. ಬೇರೆ ಜಾಗ ಹುಡುಕಿದರು. ಕ್ಯಾಮೆರಾ ಯಾವ ಕಡೆ ತಿರುಗಿಸಿದರೂ ಒಂದು ಕ್ರೇನು, ಒಂದು ಮೊಬೈಲ್ ಕಂಬ, ಒಂದು ಬೋರ್ಡು. ಆ ಊರಿನಲ್ಲಿ ನಿಜಾಮನ ಕಾಲದ ಆಕಾಶ ಮುಗಿದುಹೋಗಿತ್ತು.

ಬೇಗಂಪೇಟೆಯ ಒಂದು ಎತ್ತರದ ಕಟ್ಟಡದಲ್ಲಿ ಹೊಸದೊಂದು ಗ್ರಾಫಿಕ್ಸ್ ಕಂಪನಿ ಇದೆ, ಅಲ್ಲಿಯವರು ಕಂಪ್ಯೂಟರಿನಲ್ಲಿ ಕ್ರೇನನ್ನು ಅಳಿಸಿಕೊಡುತ್ತಾರೆ ಎಂದು ಯಾರೋ ಹೇಳಿದರು. ಮಾಸ್ತರರ ಜೊತೆ ನಾನೂ ಹೋದೆ. ಒಳಗೆ ತಣ್ಣನೆಯ ಗಾಳಿ, ಗಾಜಿನ ಗೋಡೆ, ನಮ್ಮ ಮಕ್ಕಳ ವಯಸ್ಸಿನ ಹುಡುಗರು. ಒಳ್ಳೆಯ ಹುಡುಗರೇ. ಅರ್ಧ ದಿನದ ಕೆಲಸ ಆಂಟಿ ಎಂದರು. ಮುಂಬಯಿಗೆ ಕಳಿಸಿ ಕಂಪ್ಯೂಟರಿಗೆ ಇಳಿಸಿಕೊಂಡು, ಕ್ರೇನನ್ನು ಅಳಿಸಿ, ಹೊಸ ನೆಗೆಟಿವ್ ಮಾಡಿಸಿಕೊಡುತ್ತೇವೆ ಎಂದು ವಿವರಿಸಿದರು. ಅಸಲು ನೆಗೆಟಿವ್ ಲ್ಯಾಬಿನ ಹೊಸ್ತಿಲು ದಾಟಬಾರದೆಂಬುದು ನಮ್ಮ ಕಟ್ಟುನಿಟ್ಟು. ಮೂರ್ತಿಗಾರು ಮೂರು ದಿನ ಒಪ್ಪಲಿಲ್ಲ. ಮುದುಕಿಯ ಕಣ್ಣು ಕಾಯುವುದಿಲ್ಲ ಎಂದು ಮಾಸ್ತರರು ಗೋಗರೆದ ಮೇಲೆ ಒಪ್ಪಿದರು. ಎರಡು ಟೇಕಿನ ನೆಗೆಟಿವನ್ನೂ, ಗುರುತಿಗೆಂದು ರಶ್ ಪ್ರಿಂಟಿನ ಆ ತುಂಡನ್ನೂ ಒಂದೇ ಡಬ್ಬಿಯಲ್ಲಿಟ್ಟು ನಾನೇ ಟೇಪು ಸುತ್ತಿ ಕೊಟ್ಟೆ.

ಕಾಯುತ್ತಿದ್ದೆವು. ಅಷ್ಟರಲ್ಲಿ ದೇವಪ್ಪ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡ ಸುದ್ದಿ ಬಂತು. ಸಾರ್ವೆಯ ಹಲಗೆ ಜಾರಿತಂತೆ. ಆ ಶಾಟಿನಲ್ಲಿದ್ದ ಕ್ರೇನಿನ ಕಟ್ಟಡವೇ ಇರಬೇಕು ಎಂದು ಸುಶೀಲ ಅಂದಳು. ಗೊತ್ತಿಲ್ಲ. ಅಲ್ಲಿ ಕಟ್ಟಡಗಳು ಒಂದೇ ಎರಡೇ.

ಅದಾದ ಸ್ವಲ್ಪ ದಿನಕ್ಕೆ ನಾನು ಮೇಜಿನಿಂದ ತಲೆಯೆತ್ತಿದರೆ ಕೋಣೆಯ ಗಾಜಿನಾಚೆ ಒಬ್ಬ ಹೆಂಗಸು ನಿಂತಿದ್ದಾಳೆ. ಹಣೆ ಬರಿದು, ಕೈ ಬರಿದು. ವಾಚ್‌ಮನ್ ಅವಳನ್ನು ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದವಳೆಂದು ತಿಳಿದು ಕೇಳದೆಯೇ ಒಳಗೆ ಬಿಟ್ಟಿದ್ದ. ದೇವಪ್ಪನ ಹೆಂಡತಿ ಭೀಮವ್ವ. ಅವನು ಬಿದ್ದ ಕಟ್ಟಡದಲ್ಲೇ ಇಟ್ಟಿಗೆ ಹೊರುತ್ತಿದ್ದವಳು.

ಹೊರಗೆ ಕರೆದುಕೊಂಡು ಬಂದು ನೀರು ಕೊಟ್ಟೆ. ಅವಳು ನೀರು ಹಿಡಿದುಕೊಂಡೇ ನಿಂತಳು. ‘ಅವರು ಸಿನಿಮಾದಾಗ ನಡದಾರಂತಲ್ರಿ ಅಕ್ಕಾರ. ಮನ್ಯಾಗ ಅವರದೊಂದು ಫೋಟೋ ಇಲ್ಲ. ಮಗಳು ಸಣ್ಣದೈತಿ, ಅಪ್ಪ ಹೆಂಗಿದ್ದ ಅಂತ ಮುಂದ ಕೇಳಿದ್ರ ಏನ ತೋರಸ್ಲಿ? ನನಗ ಅದೊಂದು ತೋರಸ್ರಿ.’

ಬರುತ್ತದೆ, ಬಂದ ಕೂಡಲೇ ನಿನ್ನನ್ನು ಕರೆಸಿ ತೋರಿಸುತ್ತೇನೆ ಎಂದೆ. ಅದರಿಂದ ಒಂದು ಫೋಟೋ ಸಹ ತೆಗೆಸಿಕೊಡುತ್ತೇನೆ ಎಂದೆ. ನೆಗೆಟಿವ್ ಕೈಯಲ್ಲಿದ್ದರೆ ಅದೇನು ದೊಡ್ಡ ಮಾತಾಗಿರಲಿಲ್ಲ. ಅವಳು ಆಗ ನೀರು ಕುಡಿದಳು.

ಹೀಗೆ ಆ ಒಂದು ಶಾಟಿಗೆ ಇಬ್ಬರು ಹೆಂಗಸರು ಕಾಯುತ್ತಿದ್ದರು. ಒಬ್ಬಳಿಗೆ ಅದರಲ್ಲಿ ಅಣ್ಣ, ಇನ್ನೊಬ್ಬಳಿಗೆ ಗಂಡ. ನಾಳೆ ಬರುತ್ತದೆ, ಮುಂದಿನ ವಾರ ಬರುತ್ತದೆ ಎನ್ನುತ್ತಲೇ ಆ ಹುಡುಗರು ಫೋನು ಎತ್ತುವುದನ್ನು ನಿಲ್ಲಿಸಿದರು. ಮಾಸ್ತರರು ಓಡಿಹೋಗಿ ನೋಡಿದರೆ ಗಾಜಿನ ಬಾಗಿಲಿಗೆ ಬೀಗ, ಬೀಗಕ್ಕೆ ಬ್ಯಾಂಕಿನವರ ಅರಗಿನ ಮುದ್ರೆ. ಅಮೆರಿಕದ ಶೇರು ಪೇಟೆಯಲ್ಲಿ ಏನೋ ಬಿತ್ತಂತೆ, ಇಲ್ಲಿ ಬೀಗ ಬಿತ್ತು. ಅಲ್ಲಿದ್ದ ಹುಡುಗನೊಬ್ಬ ಅಮೀರ್‌ಪೇಟೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿರುವುದು ಗೊತ್ತಾಗಿ ಅವನನ್ನು ಹಿಡಿದೆವು. ಡಬ್ಬಿ ಮುಂಬಯಿಗೆ ಹೋಗಿರಲೇ ಇಲ್ಲ, ಕಚೇರಿಯ ಉಗ್ರಾಣದಲ್ಲೇ ಇತ್ತು ಎಂದ. ಅವನಿಗೂ ಸಂಬಳ ಬಂದಿರಲಿಲ್ಲ, ಅವನನ್ನೇನು ಬೈಯುವುದು. ನಾವು ಬ್ಯಾಂಕಿನವರ ಕೈಕಾಲು ಹಿಡಿದು ಬೀಗ ತೆಗೆಸುವಷ್ಟರಲ್ಲಿ ಒಳಗಿನ ಸಾಮಾನೆಲ್ಲ ಹರಾಜಾಗಿ, ಬೇಡದ್ದು ಗುಜರಿಗೆ ಹೋಗಿತ್ತು.

ಗುಜರಿಗೆ ಹೋದ ಕಪ್ಪುಬಿಳುಪು ಫಿಲ್ಮು ಕೊನೆಗೆ ಎಲ್ಲಿಗೆ ಹೋಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂದು ಮನೆಗೆ ಬಂದು ನಮ್ಮವರ ಮುಂದೆ ಹೇಳಿಕೊಂಡು ಅತ್ತೆ. ಅವರು ಮರುದಿನದಿಂದ ಜೀಡಿಮೆಟ್ಲಾದಲ್ಲಿ ತಮ್ಮ ಫ್ಯಾಕ್ಟರಿ ಮಾತ್ರವಲ್ಲ, ಫಿಲ್ಮು ತೊಳೆಯುವ ಇತರ ಶೆಡ್ಡುಗಳನ್ನೂ ಸುತ್ತಿದರು. ಚೀಲಗಳನ್ನು ಸುರುವಿ ಹುಡುಕಿದರು. ಬೆಳ್ಳಿ ತೊಳೆದ ಫಿಲ್ಮು ನೀರಿನ ಹಾಗೆ ತಿಳಿಯಾಗಿಬಿಡುತ್ತದೆ. ಅದರೊಳಗೆ ರಾಜನಿದ್ದನೋ ಕೂಲಿಯಿದ್ದನೋ ಯಾರೂ ಹೇಳಲಾರರು. ಒಂದು ಸಂಜೆ ಬಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ಕೂತರು. ‘ಕಮಲಾ, ಇನ್ನ ಹುಡುಕೋದು ಬಿಡು. ಬಂದಿದ್ರೂ ನಮ್ಮ ಕೈಲೇ ತೊಳದು ಹೋಗ್ಯಾದ’ ಎಂದರು. ಅಂದಿನಿಂದ ಊಟದ ಹೊತ್ತಿನ ಆ ಹಳೆಯ ತಮಾಷೆಯನ್ನು ಅವರು ಮತ್ತೆ ಮಾಡಲಿಲ್ಲ.

ಇತ್ತ ಲ್ಯಾಬಿನ ಜಾಗವೂ ಮಾರಾಟವಾಯಿತು. ಇನ್ನು ಕೆಲವೇ ವಾರ, ಮುಗಿಸುವ ಕೆಲಸ ಮುಗಿಸಿ ಎಂದು ಮಾಲೀಕರು ಹೇಳಿ ಕಳಿಸಿದರು. ಮಾಸ್ತರರು ಬಂದು, ಇದ್ದದ್ದು ಇದ್ದ ಹಾಗೆ ಜೋಡಿಸಿ ಒಂದು ಪ್ರಿಂಟ್ ಹಾಕಿಕೊಡಿ ಎಂದರು.

ಶಾಟ್ ಇಲ್ಲದಿದ್ದಾಗ ಏನು ಮಾಡಬೇಕೆಂಬುದಕ್ಕೂ ನಮ್ಮಲ್ಲಿ ಒಂದು ಪದ್ಧತಿ ಇದೆ. ಜಾಗವನ್ನು ಹಾಗೇ ಬಿಟ್ಟು ಮುಂದಿನದನ್ನು ಅಂಟಿಸುವಂತಿಲ್ಲ. ಅಂಟಿಸಿದರೆ ಧ್ವನಿ ಮುಂದೆ, ಚಿತ್ರ ಹಿಂದೆ ಆಗುತ್ತದೆ. ಇಲ್ಲದ ಶಾಟು ಎಷ್ಟು ಉದ್ದವಿತ್ತೋ ಅಷ್ಟೇ ಉದ್ದದ ಖಾಲಿ ಫಿಲ್ಮನ್ನು ಹಾಕಬೇಕು, ಪರದೆಯ ಮೇಲೆ ಅದು ಬರೀ ಕಪ್ಪಾಗಿ ಕಾಣುತ್ತದೆ. ಒಂದು ಚಿತ್ರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅದರ ಮೇಲೆ ‘ಶಾಟ್ ಇಲ್ಲ’ ಎಂದು ಬರೆಯುವುದೂ ವಾಡಿಕೆ, ನೋಡುವವರಿಗೆ ಅಕ್ಷರ ಕಾಣಲಿ ಎಂದು. ಮಾಸ್ತರರು ಬರೆಯುವುದು ಬೇಡವೆಂದರು. ನಾನು ಧ್ವನಿಪಟ್ಟಿಯ ಮೇಲೆ ದೇವಪ್ಪನ ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಅಳೆದೆ. ಅಷ್ಟುದ್ದದ ಕಪ್ಪನ್ನು ಕತ್ತರಿಸಿ, ಎರಡೂ ತುದಿಗೆ ಅಂಟು ಹಚ್ಚಿ ಸೇರಿಸಿದೆ. ನನ್ನ ಕೈಯ ಕೊನೆಯ ಜೋಡಣೆ ಅದೇ. ಮೂರ್ತಿಗಾರು ಬಂದು ಭೂತಗನ್ನಡಿಯಲ್ಲಿ ನೋಡಿ, ಜೋಡಣೆ ಚೆನ್ನಾಗಿದೆಯಮ್ಮಾ ಎಂದು ಹೇಳಿ ಹೊರಟುಹೋದರು.

ಆ ಚಿತ್ರ ಬಿಡುಗಡೆಯಾಗಲಿಲ್ಲ. ಲ್ಯಾಬಿದ್ದಲ್ಲಿ ಈಗ ಆಫೀಸುಗಳಿವೆ. ಮೂರ್ತಿಗಾರು ಇಲ್ಲ, ಮಾಸ್ತರರೂ ಇಲ್ಲ. ಡಬ್ಬಿಯಲ್ಲೇ ಪ್ರಿಂಟು ಹುಳಿ ವಾಸನೆ ಬಂದು ಮುದ್ದೆಯಾಯಿತೆಂದು ಮಾಸ್ತರರ ಮಗ ಒಮ್ಮೆ ಹೇಳಿದ. ಅದನ್ನು ಜನರೆದುರು ತೋರಿಸಿದ್ದು ಒಂದೇ ಸಲ, ಲ್ಯಾಬಿನ ಸಣ್ಣ ಥಿಯೇಟರಿನಲ್ಲಿ, ಬಾಗಿಲು ಹಾಕುವ ಹಿಂದಿನ ದಿನ.

ಅಂಬಕ್ಕನನ್ನು ಇಬ್ಬರು ಹಿಡಿದು ಕರೆತಂದರು. ಅಷ್ಟರಲ್ಲಿ ಅವರಿಗೆ ಬೆಳಕು ಕತ್ತಲೆ ಕೂಡ ಗೊತ್ತಾಗುತ್ತಿರಲಿಲ್ಲ. ಆದರೂ ಮುಂದಿನ ಸಾಲೇ ಬೇಕೆಂದರು. ಭೀಮವ್ವನಿಗೆ ಹೇಳಿ ಕಳಿಸಬಾರದೆಂದು ನಾನು ಅಂದುಕೊಂಡಿದ್ದೆ. ಹೇಗೋ ಗೊತ್ತಾಗಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಶಾಟ್ ಇಲ್ಲ ಎಂದು ಬಾಗಿಲಲ್ಲೇ ಅವಳಿಗೆ ಹೇಳಿದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ಬಂದೀನಲ್ರಿ, ಕುಂದರತೀನಿ ಎಂದು ಒಳಗೆ ಹೋದಳು. ಅಂಬಕ್ಕನ ಎಡಕ್ಕೆ ನಾನು, ಬಲಕ್ಕೆ ಅವಳು.

ಚಿತ್ರ ನಡೆಯಿತು. ನಾಟಕದವನ ಮುಖ ಬಂದಾಗ ನಾನು ಅಂಬಕ್ಕನಿಗೆ ಪಿಸುಗುಟ್ಟಿ ಹೇಳುತ್ತಿದ್ದೆ, ಅವರು ಹೂಂಗುಟ್ಟುತ್ತಿದ್ದರು. ಕೊನೆಯ ರೀಲು ಬಂತು. ಕವಿ ಬಾಗಿಲು ತೆಗೆದು ಹೊರಗೆ ನೋಡಿದ. ಪರದೆ ಕಪ್ಪಾಯಿತು. ಅಂಬಕ್ಕನದೇ ದನಿ ಕವಿತೆ ಹೇಳತೊಡಗಿತು. ಅದರ ಕೆಳಗೆ, ಕಲ್ಲುಮಣ್ಣಿನ ಮೇಲೆ, ಒಂದು ಕಾಲು ಎಳೆದು ಹಾಕುವ ಹೆಜ್ಜೆಯ ಸದ್ದು.

ಅಂಬಕ್ಕ ತಟ್ಟನೆ ನನ್ನ ಬರಿಗೈಯನ್ನು ಹಿಡಿದರು. ‘ನಡಿಯಾಕತ್ತಾನಲ್ಲ?’ ಎಂದರು. ‘ನನ್ನ ಕಣ್ಣು ಮುಗದಾವು, ನನಗ ಕಾಣವಲ್ದು. ನಿಮಗ ಕಾಣಾಕತ್ತಾನಲ್ಲ?’

ಕಂಡದ್ದನ್ನು ಹೇಳಿಬಿಡು ಎಂದು ಕಲಿತ ನಾಲಿಗೆ ನನ್ನದು. ಅದು ಏಳಲಿಲ್ಲ. ಕತ್ತಲೆಯಲ್ಲಿ ಹೆಜ್ಜೆಗಳು ದೂರವಾಗುತ್ತಿದ್ದವು. ಅಂಬಕ್ಕ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು. ಆಗ ಆಚೆ ಕಡೆಯಿಂದ ಭೀಮವ್ವನ ದನಿ ಕೇಳಿತು.

‘ಹೌದ್ರಿ ಅವ್ವಾ, ನಡಿಯಾಕತ್ತಾರ.’

‘ಕೈ?’

‘ಹಿಂದ ಕಟ್ಟಿಕೊಂಡಾರ್ರಿ.’

‘ಕುತ್ತಿಗಿ?’

‘ಚೂರು ವಾಲೈತ್ರಿ, ಯಾರದೋ ಮಾತು ಕೇಳಾಕತ್ತಾರೇನೋ ಅನ್ನೂಹಂಗ.’

ಅಂಬಕ್ಕನ ಕೈ ಸಡಿಲವಾಯಿತು. ಹೆಜ್ಜೆಯ ಸದ್ದು ನಿಂತಿತು. ‘ಎಲ್ಲಿತನಕ ಹೋದ?’ ಎಂದು ಕೇಳಿದರು.

‘ಭಾಳ ದೂರ ಹೋದರ್ರಿ’ ಎಂದಳು ಭೀಮವ್ವ. ‘ಈಗ ಕಾಣವಲ್ರು.’

ಪರದೆಗೆ ಮತ್ತೆ ಬೆಳಕು ಬಂದಾಗ ನೋಡಿದೆ. ಅವಳು ಮಗುವಿನ ಮುಖವನ್ನು ಪರದೆಯ ಕಡೆ ತಿರುಗಿಸಿ ಹಿಡಿದಿದ್ದಳು.